ಇಂಡಕ್ಷನ್ ಒಲೆ: ಹೆದರಬೇಕಾದ್ದು ಒಲೆಗಲ್ಲ, ಪ್ಲಗ್ಗಿಗೆ

ಸಿಲಿಂಡರ್ ಮುಗಿದ ದಿನ ಬೇಕಾಗ್ತದೆ, ರಮಝಾನಿನ ಸಹರಿಗೆ ಬೇಗ ಬಿಸಿ ಮಾಡ್ಲಿಕ್ಕೆ ಆಗ್ತದೆ ಎಂದು ಅನೇಕ ಮನೆಗಳಲ್ಲಿ ಇಂಡಕ್ಷನ್ ಒಲೆ ತಂದಿಟ್ಟಿರುತ್ತಾರೆ. ತಂದ ಮೇಲೆ ಮಾತುಗಳು ಶುರು. "ಕರೆಂಟಿನ ಒಲೆ, ಮುಟ್ಟಿದ್ರೆ ಶಾಕ್ ಹೊಡೀತದೆ" ಎಂದು ಉಮ್ಮ ಹೇಳಿದರೆ, "ಬಿಲ್ ಎಷ್ಟು ಬರ್ತದೆ ಗೊತ್ತುಂಟಾ?" ಎಂದು ಮನೆಯ ಯಜಮಾನರು ಕೇಳುತ್ತಾರೆ. ಕೊನೆಗೆ ಒಲೆ ಅಟ್ಟಕ್ಕೆ ಹೋಗುತ್ತದೆ. ಕರಾವಳಿಯಿಂದ ಬಂದು ದಾವಣಗೆರೆ, ಹರಿಹರದ ಬಾಡಿಗೆ ಮನೆಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿದಿರುವುದು ಒಳ್ಳೆಯದು. ಯಾಕೆಂದರೆ ನಾವು ಹೆದರುವುದು ಒಂದಕ್ಕೆ, ಅಪಾಯ ಇರುವುದು ಇನ್ನೊಂದರಲ್ಲಿ.

ಶಾಕ್ ಹೊಡೆಯುತ್ತದೆಯೇ?

ಈ ಒಲೆಯ ಗಾಜಿನ ಅಡಿಯಲ್ಲಿ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟ್ ಹರಿದಾಗ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವುದರಿಂದ ಮೇಲಿಟ್ಟ ಕಬ್ಬಿಣದ ತಳದಲ್ಲೇ ಶಾಖ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಸುರುಳಿಗೂ ಪಾತ್ರೆಗೂ ನಡುವೆ ಕರೆಂಟ್ ಹರಿಯದ ಗಾಜು ಇರುವುದರಿಂದ ಸರಿಯಾಗಿರುವ ಒಲೆಯಲ್ಲಿ ಸೌಟು ತಾಗಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಗಾಜು ಬಿರುಕು ಬಿಟ್ಟಿದ್ದರೆ ಒಂದು ದಿನವೂ ಬಳಸಬಾರದು. ಬಿರುಕಿನಿಂದ ನೀರು, ಸಾರು ಒಳಗೆ ಇಳಿದರೆ ಆಗ ನಿಜವಾಗಿ ಶಾಕ್ ಹೊಡೀಬಹುದು.

ಆಹಾರಕ್ಕೆ 'ರೇಡಿಯೇಷನ್' ಹತ್ತುತ್ತದೆಯೇ?

ಇಲ್ಲ. ಎಕ್ಸ್‌ರೇಯಂಥ ಕಿರಣ ಇದರಲ್ಲಿಲ್ಲ. ಬಿಸಿಯಾಗುವುದು ಪಾತ್ರೆ, ಪಾತ್ರೆಯಿಂದ ಅನ್ನ, ಸಾರು. ಗ್ಯಾಸಿನಲ್ಲಿ ಬೆಂದ ಗಂಜಿಗೂ ಇದರಲ್ಲಿ ಬೆಂದ ಗಂಜಿಗೂ ಆ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಆದರೆ ಒಂದು ಎಚ್ಚರ ಬೇಕು. ಮನೆಯಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ ಆ ಯಂತ್ರ ಸುಮಾರು 60 ಸೆಂಟಿಮೀಟರ್, ಅಂದರೆ ಎರಡು ಅಡಿ ದೂರ ಇರಬೇಕು. ಅಂಥವರು ಡಾಕ್ಟರನ್ನು ಕೇಳದೆ ಅದರಲ್ಲಿ ಅಡುಗೆಗೆ ನಿಲ್ಲಬಾರದು.

ಎಲ್ಲ ಪಾತ್ರೆ ಬಿಸಾಡಬೇಕೇ?

ಬೇಡ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ಪಾತ್ರೆಯ ತಳಕ್ಕೆ ಹಿಡಿದು ನೋಡಿ. ಗಟ್ಟಿ ಅಂಟಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಮೀನು ಸಾರಿನ ಮಣ್ಣಿನ ಚಟ್ಟಿ, ಅಲ್ಯೂಮಿನಿಯಂ ಪಾತ್ರೆ, ಬಿರಿಯಾನಿಯ ತಾಮ್ರದ ಪಾತ್ರೆ ನಡೆಯುವುದಿಲ್ಲ. ಸ್ಟೀಲ್ ಪಾತ್ರೆಗಳಲ್ಲಿ ಕೆಲವು ನಡೆಯುತ್ತವೆ, ಕೆಲವು ಇಲ್ಲ. ಕುಕ್ಕರ್ ಅಲ್ಯೂಮಿನಿಯಂನದ್ದಾದರೂ ತಳಕ್ಕೆ ಇಂಡಕ್ಷನ್ ಬೇಸ್ ಕೂರಿಸಿದ್ದರೆ ತೊಂದರೆಯಿಲ್ಲ.

ಪತ್ತಿರ್, ದೋಸೆಗೆ ತಳ ಸಪಾಟಾಗಿರುವ ಕಬ್ಬಿಣದ ಕಾವಲಿ ಸಾಕು. ಗುಂಡು ತಳದ್ದು ಆಗುವುದಿಲ್ಲ. ಇಲ್ಲಿಯವರ ಹಾಗೆ ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸಬೇಕೆಂದರೆ ಗ್ಯಾಸೇ ಬೇಕು. ದಾವಣಗೆರೆ ಬೆಣ್ಣೆ ದೋಸೆಗೆ ಸೌದೆ ಒಲೆ ಕೊಡುವ ಆ ಹೊಗೆಯ ವಾಸನೆಯೂ ಇದರಲ್ಲಿ ಬರುವುದಿಲ್ಲ, ಅದು ಒಪ್ಪುವ ಮಾತೇ.

"ಮಸಾಲೆ ಸೀದು ಹೋಗ್ತದೆ" ಎಂಬ ದೂರಿಗೆ ಕಾರಣ ಬೇರೆ. ತಳ ಬೇಗ ಕಾಯುತ್ತದೆ, ನಾವು ಗ್ಯಾಸಿನ ಲೆಕ್ಕದಲ್ಲೇ ಕಾಯುತ್ತೇವೆ. ಒಗ್ಗರಣೆ, ಈರುಳ್ಳಿ ಹುರಿಯುವುದು 600–800 ವ್ಯಾಟಿನಲ್ಲಿ ಶುರು ಮಾಡಿ. ಖಾಲಿ ಕಾವಲಿಯನ್ನು 2000ದಲ್ಲಿ ಇಟ್ಟು ಹೋಗಬೇಡಿ. ಸಣ್ಣ ಉರಿಯಲ್ಲಿ ಒಲೆ ಆಗಾಗ ನಿಂತು ಮತ್ತೆ ಶುರುವಾದರೆ ಹಾಳಾಗಿದೆ ಎಂದಲ್ಲ, ಹಲವು ಒಲೆಗಳು ಶಾಖ ಕಡಿಮೆ ಮಾಡುವ ರೀತಿಯೇ ಅದು.

"ಉರಿ ಇಲ್ಲ, ಆದ್ದರಿಂದ ಸುಡುವುದಿಲ್ಲ" ಎಂಬುದು ಮಕ್ಕಳಿರುವ ಮನೆಗೆ ಅಪಾಯದ ನಂಬಿಕೆ. ಪಾತ್ರೆಯ ಬಿಸಿ ಗಾಜಿಗೆ ಇಳಿದಿರುತ್ತದೆ. ಪಾತ್ರೆ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಕೈ ಸುಡುತ್ತದೆ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಒಳಗಿನ ಫ್ಯಾನ್ ತಿರುಗಿ ನಿಲ್ಲಲಿ.

ಬಿಲ್ಲಿನ ಲೆಕ್ಕ

ಒಂದು ಲೀಟರ್ ನೀರು ಕುದಿಸಲು ಸುಮಾರು 0.1 ಯೂನಿಟ್ ಸಾಕು. ಗ್ಯಾಸಿನಲ್ಲಿ ಮೂರನೇ ಒಂದು ಪಾಲು ಶಾಖ, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಪಾತ್ರೆಯ ಸುತ್ತಿನಿಂದ ಹೊರಗೆ ಹೋಗುತ್ತದೆ. ಇಂಡಕ್ಷನ್‌ನಲ್ಲಿ ಅಷ್ಟು ನಷ್ಟವಿಲ್ಲ. ದಿನಕ್ಕೆ ಎರಡು ಗಂಟೆ, ಸರಾಸರಿ 1000 ವ್ಯಾಟಿನಲ್ಲಿ ಅಡುಗೆ ಮಾಡಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60.

ಇಲ್ಲಿ ಗೃಹಜ್ಯೋತಿಯ ವಿಷಯ ಬರುತ್ತದೆ. "200 ಯೂನಿಟ್ ಎಲ್ಲರಿಗೂ ಫ್ರೀ ಅಲ್ವಾ" ಎಂಬುದೂ ತಪ್ಪು ತಿಳುವಳಿಕೆಯೇ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸಾಮಾನ್ಯವಾಗಿ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಯ ಮಿತಿ ನಿಗದಿ ಮಾಡಿದರು. ನಿಮ್ಮ ಸರಾಸರಿ 80 ಇದ್ದರೆ ಉಚಿತ ಮಿತಿ 88. ಇಂಡಕ್ಷನ್ನಿನ 60 ಸೇರಿ 140 ಆದರೆ 52 ಯೂನಿಟ್ಟಿಗೆ ಹಣ ಕಟ್ಟಬೇಕು. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ಅದು 364 ರೂಪಾಯಿ. ಒಟ್ಟು 200 ದಾಟಿದರೆ ಮಾತ್ರ ಪೂರ್ತಿ ಬಿಲ್ ತಲೆಗೆ ಬೀಳುತ್ತದೆ. ಹಾಗಾಗಿ ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟಿದೆ ನೋಡಿ, ಸಿಲಿಂಡರ್ ಎಷ್ಟು ದಿನ ಹೆಚ್ಚು ಬಂತು ಎಂದು ಪಕ್ಕದಲ್ಲಿ ಬರೆದಿಡಿ. ಎರಡು ತಿಂಗಳಲ್ಲಿ ನಿಮ್ಮ ಮನೆಯ ಉತ್ತರ ನಿಮಗೇ ಸಿಗುತ್ತದೆ.

ನಿಜವಾದ ಅಪಾಯ ಎಲ್ಲಿ?

ಗೋಡೆಯಲ್ಲಿ. 2000 ವ್ಯಾಟಿನ ಒಲೆ ಸುಮಾರು 8.7 ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ ಇರುವುದು 6 ಆಂಪಿಯರಿಗೆ. ಅದಕ್ಕೆ ಹಾಕಿದರೆ, ಇಲ್ಲವೇ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಮಿಕ್ಸಿಯ ಜೊತೆ ಸಿಕ್ಕಿಸಿದರೆ, ವೈರ್ ಬಿಸಿಯಾಗಿ ಪ್ಲಗ್ ಕರಗುತ್ತದೆ. ಹಳೆಯ ಮನೆಗಳಲ್ಲಿ ಬೆಂಕಿ ಹತ್ತಲಿಕ್ಕೆ ಅಷ್ಟು ಸಾಕು. ಬೇಕಾದ್ದು 16 ಆಂಪಿಯರಿನ ದೊಡ್ಡ ಸಾಕೆಟ್, ಅದಕ್ಕೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಸರಿಯಾದ ಅರ್ತ್. ಬಾಡಿಗೆ ಮನೆಯಾದರೆ ಒಲೆ ತರುವ ಮೊದಲೇ ಮಾಲಕರಲ್ಲಿ ಕೇಳಿ ಇಲೆಕ್ಟ್ರಿಶಿಯನ್ನನ್ನು ಕರೆಸಿ. ಮೀಟರಿನ ಮಂಜೂರಾದ ಲೋಡ್ ಎಷ್ಟು ಎಂಬುದು ಬಿಲ್ಲಿನಲ್ಲೇ ಇರುತ್ತದೆ, ಸಂಶಯವಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಬಹುದು. ಪ್ಲಗ್ ಮುಟ್ಟಿದಾಗ ಬಿಸಿ ಅನಿಸಿದರೆ, ಸುಟ್ಟ ವಾಸನೆ ಬಂದರೆ, ಅಡುಗೆ ಅರ್ಧದಲ್ಲಿದ್ದರೂ ಮೇನ್ ಆರಿಸಿ ಪ್ಲಗ್ ತೆಗೆಯಿರಿ.

ಇಷ್ಟೆಲ್ಲ ಸರಿಯಿದ್ದರೂ ಗ್ಯಾಸ್ ಕನೆಕ್ಷನ್ ಬಿಡಬೇಡಿ. ಕರೆಂಟ್ ಹೋದ ದಿನಕ್ಕೆ, ನೆಂಟರು ಬಂದಾಗಿನ ದೊಡ್ಡ ಪಾತ್ರೆಗೆ ಅದು ಬೇಕು. ಹಾಲು, ಚಹಾ, ಅನ್ನ, ಕುಕ್ಕರಿನ ಕೆಲಸ ಇಂಡಕ್ಷನ್‌ನಲ್ಲಿ ಆಗಲಿ. ಅಟ್ಟದಲ್ಲಿರುವ ಒಲೆಯನ್ನು ಇಳಿಸುವ ಮೊದಲು ಅಡುಗೆ ಮನೆಯ ಸಾಕೆಟ್ ಒಮ್ಮೆ ತೋರಿಸಿಕೊಳ್ಳಿ.