ಭಕ್ತನನ್ನು ಅರಸಿ ಬರುವ ದೇವ

ಭಕ್ತನು ದೇವರಿಗಾಗಿ ಹಂಬಲಿಸುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ದೇವನೂ ಭಕ್ತನಿಗಾಗಿ ಹಂಬಲಿಸುವನೇ? ಪರಿಪೂರ್ಣನಾದ ಪರಶಿವನಿಗೆ ಯಾವ ಕೊರತೆಯಿದೆ? ಮನುಷ್ಯನ ನಂಟಿನಿಂದ ಅವನಿಗೆ ಆಗಬೇಕಾದುದಾದರೂ ಏನು? ಶರಣರ ಷಟ್‌ಸ್ಥಲ ಸಿದ್ಧಾಂತದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿದೆ.

ಆದಿಯಲ್ಲಿ ಪರವಸ್ತುವು ಒಂದೇ. ಅದನ್ನು ‘ಸ್ಥಲ’ವೆಂದು ಕರೆಯುತ್ತೇವೆ. ಅದು ತನ್ನ ಲೀಲೆಯಿಂದ, ತನ್ನದೇ ಶಕ್ತಿಯ ಚಲನೆಯಿಂದ ಲಿಂಗಸ್ಥಲ ಮತ್ತು ಅಂಗಸ್ಥಲವೆಂದು ಎರಡಾಗುತ್ತದೆ. ಲಿಂಗವು ಉಪಾಸ್ಯ, ಅಂಗವು ಉಪಾಸಕ. ಆ ಶಕ್ತಿಯೂ ಎರಡಾಗಿ, ಲಿಂಗವನ್ನು ಆಶ್ರಯಿಸಿದ್ದು ಶಕ್ತಿಯೆಂದೂ ಅಂಗವನ್ನು ಆಶ್ರಯಿಸಿದ್ದು ಭಕ್ತಿಯೆಂದೂ ಹೆಸರು ಪಡೆಯುತ್ತದೆ. ಶಕ್ತಿಯು ಒಂದನ್ನು ಹಲವಾಗಿಸಿದರೆ ಭಕ್ತಿಯು ಹಲವನ್ನು ಮರಳಿ ಒಂದಾಗಿಸುತ್ತದೆ. ಆದುದರಿಂದ ಭಕ್ತಿಯು ನಾವು ಗಳಿಸಿದ ಸೊತ್ತಲ್ಲ. ಅದು ನಮ್ಮೊಳಗೆ ನಿಂತು ತನ್ನ ಮೂಲವನ್ನು ಅರಸುವ ಶಿವನ ಶಕ್ತಿಯೇ ಆಗಿದೆ. ನಮ್ಮ ಎದೆಯ ಹಂಬಲವು ಮೊದಲು ಅವನದು, ಆಮೇಲೆ ನಮ್ಮದು.

ಈ ಹಂಬಲವು ಕೊರತೆಯಿಂದ ಹುಟ್ಟಿದುದಲ್ಲ. ಕರುವನ್ನು ಕಂಡೊಡನೆ ಹಸುವಿನ ಕೆಚ್ಚಲಲ್ಲಿ ಹಾಲು ಉಕ್ಕುವುದು ತನ್ನ ಹಸಿವಿನಿಂದಲ್ಲ, ವಾತ್ಸಲ್ಯದಿಂದ. ದೇವನ ಹಂಬಲವೂ ಅಂಥದೇ.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವು ಇದಕ್ಕೆ ಉಜ್ವಲ ನಿದರ್ಶನ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮ ದಾಸೋಹ ನಡೆಸುತ್ತಿದ್ದ ಕಾಯಕಜೀವಿ ಆತ. ಒಮ್ಮೆ ಹುಲ್ಲು ಕೊಯ್ಯುವಾಗ ಅಂಗದ ಮೇಲಿನ ಲಿಂಗವು ಜಾರಿ ಬಿದ್ದಿತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ತನ್ನ ಕಾಯಕಕ್ಕೆ ನಡೆದನು. ಆಗ ಲಿಂಗವೇ ಅವನ ಹಿಂದೆ ಬಂದಿತು. ತನ್ನನ್ನು ಸ್ವೀಕರಿಸೆಂದು ಬೇಡಿಕೊಂಡಿತು. ಕೊನೆಗೆ ಮಡಿವಾಳ ಮಾಚಿದೇವರು ನಡುವೆ ನಿಂತು, ಲಿಂಗವನ್ನು ತೊರೆಯುವುದು ತರವಲ್ಲವೆಂದು ಚಂದಯ್ಯನಿಗೆ ತಿಳಿಯಹೇಳಿದರು. ಹಗ್ಗ ಮಾರುವ ಕಾಯಕದಲ್ಲಿ ತಾನೂ ಪಾಲ್ಗೊಂಡು ಲಿಂಗವು ಆ ಶರಣನ ಸಂಗವನ್ನು ಮರಳಿ ಪಡೆಯಿತು.

ಈ ಪ್ರಸಂಗವು ಲಿಂಗವನ್ನು ಕಡೆಗಣಿಸಲು ಕಲಿಸುವುದಿಲ್ಲ. ದೇವನು ಯಾರನ್ನು ಅರಸಿ ಬರುವನೆಂಬುದನ್ನು ತೋರಿಸುತ್ತದೆ. ಅವನು ಹೋದುದು ಅರಮನೆಯ ಬಾಗಿಲಿಗಲ್ಲ, ಹಗ್ಗ ಹೊಸೆಯುವವನ ಬಳಿಗೆ. ಒಡೆಯನಾಗಿ ಅಪ್ಪಣೆ ಮಾಡಲಿಲ್ಲ, ದುಡಿಮೆಯಲ್ಲಿ ಜೊತೆಗಾರನಾದನು.

ನಾವು ಧರಿಸುವ ಇಷ್ಟಲಿಂಗದ ಮರ್ಮವೂ ಇದೇ. ಗುರುವು ದೀಕ್ಷೆಯಲ್ಲಿ ಶಿಷ್ಯನೊಳಗಿನ ಚೈತನ್ಯವನ್ನೇ ಲಿಂಗರೂಪವಾಗಿ ಅವನ ಕರಸ್ಥಲಕ್ಕೆ ಕರುಣಿಸುತ್ತಾನೆ. ಎಲ್ಲೆಡೆ ವ್ಯಾಪಿಸಿದವನು ನಮ್ಮ ಅಂಗೈಯಷ್ಟು ಜಾಗದಲ್ಲಿ ನೆಲೆಸಲು ಒಪ್ಪಿದ್ದಾನೆ. ಹೆಣ್ಣು-ಗಂಡು, ಮೇಲು-ಕೀಳೆಂಬ ಭೇದವಿಲ್ಲದೆ, ನಡುವೆ ಮಧ್ಯವರ್ತಿಯಿಲ್ಲದೆ ದೊರೆತ ನಂಟು ಇದು.

ಹೀಗಿರುವಾಗ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಎದೆಯ ಮೇಲಿನ ಕರಡಿಗೆಯನ್ನು ನಾವು ದಿನಕ್ಕೆ ಎಷ್ಟು ಸಲ ತೆರೆಯುತ್ತೇವೆ? ತೆರೆದಾಗಲೂ ಬೇಡಿಕೆಗಳ ಪಟ್ಟಿಯನ್ನು ಒಪ್ಪಿಸಿ ಎದ್ದುಬಿಡುತ್ತೇವೆಯೇ, ಅಥವಾ ಕೆಲ ಹೊತ್ತು ಅವನೊಡನೆ ಸುಮ್ಮನೆ ಇರುತ್ತೇವೆಯೇ? ಬೇಡುವುದಷ್ಟೇ ಉಳಿದರೆ ಅದು ವ್ಯವಹಾರ, ಜೊತೆಯಲ್ಲಿರುವುದು ಸಂಬಂಧ.

ಅವನ ಹಂಬಲಕ್ಕೆ ನಾವು ಕೊಡಬಹುದಾದ ಉತ್ತರ ಕಷ್ಟದ್ದಲ್ಲ. ಮನವಿಟ್ಟು ಮಾಡುವ ಲಿಂಗಪೂಜೆ, ಪ್ರಾಮಾಣಿಕ ಕಾಯಕ, ಹಸಿದು ಬಂದವರಿಗೆ ಇಕ್ಕುವ ಪ್ರಸಾದ, ಇಷ್ಟು ಸಾಕು. ಲಿಂಗಾಂಗ ಸಾಮರಸ್ಯದ ದಾರಿ ಇಲ್ಲಿಂದಲೇ ತೊಡಗುತ್ತದೆ. ಅವನು ಈಗಾಗಲೇ ನಮ್ಮ ಬಳಿಗೆ ಬಂದಿದ್ದಾನೆ. ಅವನತ್ತ ತಿರುಗಿ ನೋಡುವುದೊಂದೇ ನಮ್ಮ ಪಾಲಿಗೆ ಉಳಿದಿದೆ.