ರೇಷ್ಮೆಹುಳುವಿನ ಅಂಟು, ಕೈಗೆ ಹಚ್ಚುವ ಜೆಲ್

ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಕಳೆದು ಎದ್ದ ರೇಷ್ಮೆಹುಳು ಏಳೆಂಟು ದಿನ ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯುತ್ತದೆ. ಆಮೇಲೆ ಒಮ್ಮೆಗೇ ಮೇವು ಬಿಡುತ್ತದೆ. ಮೈ ತುಸು ಕುಗ್ಗಿ, ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಕನಕಪುರ, ರಾಮನಗರದ ಕಡೆಯ ಹುಳುಮನೆಗಳಲ್ಲಿ ‘ಹುಳು ಹಣ್ಣಾಯಿತು’ ಎಂದು ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಹಾಕುವುದು ಆಗಲೇ. ಹಣ್ಣಾದ ಹುಳುವಿನ ಒಳಗೆ ಜಾಗದ ಬಹುಪಾಲನ್ನು ಆಕ್ರಮಿಸಿಕೊಂಡಿರುವುದು ರೇಷ್ಮೆ ಗ್ರಂಥಿ. ಮಡಚಿ ಮಡಚಿ ತುಂಬಿಟ್ಟ ಒಂದು ಜೋಡಿ ಕೊಳವೆ ಅದು. ಹುಳುವಿನ ತೂಕದ ಕಾಲು ಭಾಗಕ್ಕೂ ಹೆಚ್ಚು ಅದರದ್ದೇ.

ಕೊಳವೆಯ ಹಿಂಭಾಗದಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ. ನೂಲಿನ ತಿರುಳು ಅದೇ. ಮಧ್ಯಭಾಗದಲ್ಲಿ ಸೆರಿಸಿನ್ ಎಂಬ ಅಂಟು ಸ್ರವಿಸಿ ಫೈಬ್ರಾಯಿನ್ನಿನ ಸುತ್ತ ಹೊದಿಕೆಯಾಗುತ್ತದೆ. ಎರಡೂ ಅಲ್ಲಿ ದಾರವಾಗಿರುವುದಿಲ್ಲ, ಮಂದವಾದ ಜೆಲ್ ಆಗಿರುತ್ತವೆ. ನೂರು ಪಾಲಿನಲ್ಲಿ ಸುಮಾರು 25 ಪಾಲು ಪ್ರೋಟೀನ್, ಉಳಿದದ್ದು ಹೆಚ್ಚಾಗಿ ನೀರು. ಇಷ್ಟು ಗಟ್ಟಿಯಾದ ಪ್ರೋಟೀನ್ ದ್ರಾವಣವನ್ನು ನಾವು ಬಾಟಲಿಯಲ್ಲಿ ತುಂಬಿಟ್ಟರೆ ಬೇಗನೆ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ. ಹುಳು ಅದನ್ನು ದಿನಗಟ್ಟಲೆ ಕಾಪಾಡಿಕೊಳ್ಳುತ್ತದೆ. ಕೊಳವೆಯಲ್ಲಿ ಮುಂದೆ ಸಾಗುತ್ತ ಆಮ್ಲತೆ ತುಸು ಏರುತ್ತದೆ, ಲವಣಗಳ ಪ್ರಮಾಣ ಬದಲಾಗುತ್ತದೆ. ಕೊನೆಗೆ ಕೂದಲಿನಷ್ಟು ಕಿರಿದಾದ ದ್ವಾರದಲ್ಲಿ ಹಿಂಡಿಸಿಕೊಂಡು, ಹುಳು ಇಂಗ್ಲಿಷಿನ 8ರ ಆಕಾರದಲ್ಲಿ ತಲೆಯಾಡಿಸುವಾಗ ಎಳೆತಕ್ಕೆ ಸಿಕ್ಕಿ, ಜೆಲ್ ದಾರವಾಗುತ್ತದೆ. ಎರಡು ಮೂರು ದಿನದಲ್ಲಿ ಮುಗಿಯುವ ಒಂದು ದ್ವಿತಳಿ (ಬೈವೋಲ್ಟೀನ್) ಗೂಡಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎಳೆ ಇರುತ್ತದೆ.

ಜೆಲ್ ಕಾಪಾಡುವ ಹುಳುವಿನ ಈ ಕಲೆ ನಮಗಿಲ್ಲದಿದ್ದರೂ, ಮನೆಯಲ್ಲೇ ಚರ್ಮಕ್ಕೆ ಜೆಲ್ ಮಾಡಿಕೊಳ್ಳುವ ಉತ್ಸಾಹ ಈಗ ಊರೂರಲ್ಲೂ ಇದೆ. ಲೋಳೆಸರ, ಕೊಬ್ಬರಿ ಎಣ್ಣೆ, ಒಂದಿಷ್ಟು ಅರಿಸಿನ, ವಿಟಮಿನ್ ಮಾತ್ರೆ ಎಲ್ಲ ಸೇರಿಸಿ ತಿರುವಿದರೆ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ನಾಲ್ಕನೇ ದಿನ ಎಣ್ಣೆ ಮೇಲೆ, ನೀರು ಕೆಳಗೆ, ವಾಸನೆ ಬೇರೆ. ನೀರನ್ನೂ ಎಣ್ಣೆಯನ್ನೂ ಔಷಧೀಯ ವಸ್ತುವನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಬೆರೆಸಿದಷ್ಟು ಸುಲಭವಲ್ಲ. ರಾಮನಗರದ ಸೀಮೆಯಲ್ಲಿ ಅದಕ್ಕೆ ಬೇಕಾದ ಒಳ್ಳೆಯ ಕಚ್ಚಾವಸ್ತುವೇ ಚರಂಡಿ ಸೇರುತ್ತಿದೆ.

ಗೂಡಿನ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಕಚ್ಚಾವಸ್ತು, ಅಂದರೆ ಸೆರಿಸಿನ್. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಬೇಸಿನ್ನಿನ ಬಿಸಿನೀರಿನಲ್ಲಿ ಈ ಅಂಟು ಮೆತ್ತಗಾದ ಮೇಲೆಯೇ ಎಳೆಯ ತುದಿ ಸಿಗುವುದು. ಸ್ವಲ್ಪ ಅಂಟು ಅಲ್ಲೇ ಕರಗುತ್ತದೆ. ಹೆಚ್ಚಿನದು ನೂಲಿನ ಜೊತೆ ಹೋಗಿ, ಬಣ್ಣ ಹಾಕುವ ಮುಂಚೆ ಸೋಪು ಸೋಡಾದಲ್ಲಿ ಬೇಯಿಸುವಾಗ ಕಳೆದುಹೋಗುತ್ತದೆ. ಜಪಾನಿನಲ್ಲಿ ಇದೇ ಅಂಟನ್ನು ಶುದ್ಧಮಾಡಿ ಮುಖದ ಕ್ರೀಮುಗಳಿಗೆ ಸೇರಿಸುತ್ತಾರೆ. ಸೆರಿಸಿನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸೆರೀನ್. ಅದಕ್ಕೆ ನೀರೆಂದರೆ ಪ್ರೀತಿ. ನಮ್ಮ ಚರ್ಮದ ಹೊರಪದರ ತೇವ ಹಿಡಿದಿಟ್ಟುಕೊಳ್ಳಲು ಬಳಸುವ ಅಮೈನೋ ಆಮ್ಲಗಳಲ್ಲೂ ಸೆರೀನಿನದೇ ದೊಡ್ಡ ಪಾಲು.

ಹಾಗಾದರೆ ದಿನವಿಡೀ ಸೆರಿಸಿನ್ ನೀರಿನಲ್ಲಿ ಕೈಯಿಡುವವರ ಕೈ ಮೃದುವಾಗಿರಬೇಕಲ್ಲ? ಹಾಗಿಲ್ಲ. ಬೇಸಿನ್ ಮುಂದೆ ಕೂರುವ ಹೆಣ್ಣುಮಕ್ಕಳ ಬೆರಳ ತುದಿ ನೆನೆದು ಬಿಳಿಚಿರುತ್ತದೆ, ಸಂದುಗಳಲ್ಲಿ ಬಿರುಕು ಬಿಟ್ಟಿರುತ್ತದೆ. ಬಿಸಿನೀರು ಚರ್ಮದ ಸ್ವಂತ ಕೊಬ್ಬನ್ನು ತೊಳೆದು ಹಾಕುತ್ತದೆ. ಕೊಬ್ಬಿಲ್ಲದ ಚರ್ಮದಲ್ಲಿ ನೀರು ನಿಲ್ಲುವುದಿಲ್ಲ. ತೇವ ಹಿಡಿಯುವ ವಸ್ತುವಿನ ಜೊತೆ ಅದನ್ನು ಮುಚ್ಚಿಡುವ ಎಣ್ಣೆಯೂ ಬೇಕು. ಜೆಲ್ಲಿಗೆ ಎಣ್ಣೆ ಸೇರಿಸುವುದು ಅದಕ್ಕೇ. ಈ ಕೈಗಳಿಗಾಗಿಯೇ ಇಂಥ ಜೆಲ್ ತಯಾರಾಗಬೇಕು ಎಂಬುದು ನನ್ನ ಆಸೆ.

ಬೇಸಿನ್ನಿನ ನೀರು ಇದಕ್ಕೆ ಬೇಡ. ಅದರಲ್ಲಿ ಹುಳುವಿನ ಕೊಬ್ಬು, ಕಸ, ಕೊಳೆ ಎಲ್ಲವೂ ಇರುತ್ತದೆ. ಚಿಟ್ಟೆ ಹೊರಬಂದು ತೂತಾದ ಗೂಡುಗಳನ್ನು ಕತ್ತರಿಸಿ, ಒಳಗಿನದನ್ನೆಲ್ಲ ಕೊಡವಿ, ಚೆನ್ನಾಗಿ ತೊಳೆಯಬೇಕು. 5 ಗ್ರಾಂ ಚೂರಿಗೆ 100 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಹಾಕಿ ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ ಸೋಸಿದರೆ ಸುಮಾರು ಶೇ. 1ರಷ್ಟು ಸೆರಿಸಿನ್ ಇರುವ ನೀರು ಸಿಗುತ್ತದೆ. ಪ್ರಯೋಗಾಲಯಗಳಲ್ಲೂ ಸೋಪು, ಸೋಡಾ ಮುಟ್ಟಿಸದೆ ಅಂಟು ತೆಗೆಯಲು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒತ್ತಡದ ಬಿಸಿಯನ್ನೇ ಬಳಸುತ್ತಾರೆ. ಈ ನೀರು ಆರಿದಾಗ ತಾನಾಗಿ ಮಂದವಾಗಬಹುದು. ತೀರಾ ಹೆಚ್ಚು ಹೊತ್ತು ಬೇಯಿಸಿದರೆ ಪ್ರೋಟೀನ್ ಸರಪಣಿಗಳು ತುಂಡಾಗಿ ಆ ಗುಣ ಹೋಗುತ್ತದೆ.

ಅದನ್ನೇ ನಂಬಿ ಕೂರುವಂತಿಲ್ಲ. ಜೆಲ್ಲಿಗೆ ಗಟ್ಟಿ ಬಲೆಯೊಂದು ಬೇಕು. ಕ್ಸಾಂಥನ್ ಗಮ್ ಶೇ. 0.6ರಷ್ಟಿದ್ದರೂ ಸಾಕು. ಬ್ಯಾಕ್ಟೀರಿಯಾ ತಯಾರಿಸುವ ಈ ಅಂಟು ನಿಂತಲ್ಲಿ ಗಟ್ಟಿ, ಉಜ್ಜಿದಾಗ ಸಡಿಲ. ನೇರವಾಗಿ ನೀರಿಗೆ ಸುರಿದರೆ ಮಾಗಡಿ ಕಡೆಯ ಮನೆಗಳಲ್ಲಿ ಎಸರಿಗೆ ರಾಗಿಹಿಟ್ಟು ಸುರಿದು ತಿರುವದೆ ಬಿಟ್ಟಾಗ ಆಗುವಂತೆ ಗಂಟು ಕಟ್ಟುತ್ತದೆ: ಹೊರಮೈ ನೀರು ಹೀರಿ ಅಂಟಾಗುತ್ತದೆ, ಒಳಗೆ ಒಣಪುಡಿ ಹಾಗೇ ಉಳಿಯುತ್ತದೆ. ನೂರು ಗ್ರಾಂ ಜೆಲ್ಲಿಗಾದರೆ, ಮೊದಲು 5 ಗ್ರಾಂ ಗ್ಲಿಸರಿನ್ನಿನಲ್ಲಿ ಕಲಸಿ ಆಮೇಲೆ ನೀರಿಗೆ ಬಿಟ್ಟರೆ ಈ ತೊಂದರೆ ಇಲ್ಲ. ಅಂಗಡಿಯ ಜೆಲ್ಲುಗಳಲ್ಲಿ ಬಳಸುವ ಕಾರ್ಬೋಮರ್ ನೋಡಲು ಹೆಚ್ಚು ತಿಳಿ, ಆದರೆ ಸ್ವಲ್ಪ ಉಪ್ಪಿನಂಶ ಬಿದ್ದರೂ ಸೋತು ನೀರಾಗುತ್ತದೆ. ಗಿಡದ ರಸಗಳಲ್ಲಿ ಉಪ್ಪಿನಂಶ ಇದ್ದೇ ಇರುತ್ತದೆ.

ಇನ್ನು ಎಣ್ಣೆ. ಅದು ನೀರಿಗಿಂತ ಹಗುರ, ಮೇಲೇರಲು ಸದಾ ಹವಣಿಸುತ್ತದೆ. ಹನಿಯ ಅಗಲ ಅರ್ಧವಾದರೆ ಏರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತನೇ ಒಂದಾದರೆ ನೂರನೇ ಒಂದಕ್ಕೆ. ಹಾಗಾಗಿ ಚಮಚದಿಂದ ತಿರುವಿದರೆ ಸಾಲದು, ಹ್ಯಾಂಡ್ ಬ್ಲೆಂಡರ್ ಬೇಕು. ಸಣ್ಣಗಾದ ಹನಿಗಳು ಮತ್ತೆ ಕೂಡಿಕೊಳ್ಳದಂತೆ ಪಾಲಿಸಾರ್ಬೇಟ್ 80ರಂಥ ಎಮಲ್ಸಿಫೈಯರ್ ಬೇಕು. 8 ಗ್ರಾಂ ಎಣ್ಣೆಗೆ 3 ಗ್ರಾಂ. ಬರಿಯ ಕೊಬ್ಬರಿ ಎಣ್ಣೆ ಬೇಡ: ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ ನಮ್ಮ ಮಾಗಿಯ ಬೆಳಗಿನಲ್ಲಿ ಹರಳಾಗಿ ಹನಿಯ ಹೊದಿಕೆಯನ್ನೇ ಚುಚ್ಚುತ್ತದೆ. ಎಳ್ಳೆಣ್ಣೆ ಬೆರೆಸಿದರೆ ಆ ಅಪಾಯ ಕಡಿಮೆ.

ಔಷಧೀಯ ವಸ್ತುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಜಾಗವಿದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರವನ್ನೇ ನೋಡಿ. ಅದರ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಎಣ್ಣೆ ಕಡುನೇರಳೆಗೆ ತಿರುಗುತ್ತದೆ. ತಮಿಳುನಾಡಿನ ಸಿದ್ಧ ವೈದ್ಯರು ಸೋರಿಯಾಸಿಸ್‌ಗೆ ಹಚ್ಚುವ ತೈಲ ಅದು. ಅದರ ಸಾರ ಎಣ್ಣೆಯಲ್ಲಿ ಕರಗಿ ಬಂದದ್ದು, ಹಾಗಾಗಿ ಜೆಲ್ಲಿನಲ್ಲೂ ಎಣ್ಣೆಯ ಹನಿಯೊಳಗೇ ಇರಬೇಕು. ಅರಿಸಿನದ ಕರ್ಕ್ಯುಮಿನ್ ಕೂಡ ನೀರಿಗೆ ಒಗ್ಗದು, ಬೆಳಕಿಗೆ ಬಾಡುತ್ತದೆ. ವಿಟಮಿನ್ ಬಿ3ರ ರೂಪವಾದ ನಯಾಸಿನಮೈಡ್ ನೀರಿನಲ್ಲೇ ಸುಖವಾಗಿರುತ್ತದೆ, 2 ಗ್ರಾಂ ಸಾಕು. ವಿಟಮಿನ್ ಸಿ ಮಾತ್ರ ಈ ಜೆಲ್ಲಿಗೆ ಬೇಡ. ನೀರಿನಲ್ಲಿ ಅದು ಗಾಳಿಗೆ ಕಂದುಬಣ್ಣವಾಗುತ್ತದೆ, ಅದಕ್ಕೆ ಬೇಕಾದ ಹುಳಿ ಸೆರಿಸಿನ್ನಿಗೆ ಆಗದು. ಪಿಎಚ್ 4ರ ಸುತ್ತ ಸೆರಿಸಿನ್ ತನ್ನ ವಿದ್ಯುದಂಶ ಕಳೆದುಕೊಂಡು ಹಳಕು ಹಳಕಾಗಿ ತಳ ಸೇರುತ್ತದೆ. ಜೆಲ್ಲಿಗೆ ನಿಂಬೆ ಹಿಂಡಿದರೂ ಅದೇ ಗತಿ. ಪಿಎಚ್ ಹೊಂದಿಸಲು ಸಿಟ್ರಿಕ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಪಿಎಚ್ ಪಟ್ಟಿಯಲ್ಲಿ ನೋಡುತ್ತ 5.5ಕ್ಕೆ ನಿಲ್ಲಿಸಬೇಕು. ಚರ್ಮಕ್ಕೂ ಅದು ಹಿತ.

ಎಲ್ಲಕ್ಕಿಂತ ದೊಡ್ಡ ಚಿಂತೆ ಸೂಕ್ಷ್ಮಜೀವಿಗಳದ್ದು. ನೀರು, ಪ್ರೋಟೀನ್, ನಮ್ಮ ಬೆಚ್ಚಗಿನ ಹವೆ: ಇದಕ್ಕಿಂತ ಒಳ್ಳೆಯ ಊಟ ಅವಕ್ಕೆ ಇನ್ನೇನು ಬೇಕು! ಬೂಷ್ಟು ಕಣ್ಣಿಗೆ ಕಾಣುವ ಎಷ್ಟೋ ಮುಂಚೆ ಗ್ರಾಮಿಗೆ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಬೆಳೆದಿರಬಹುದು, ಬಣ್ಣ ವಾಸನೆ ಏನೂ ಬದಲಾಗಿರುವುದಿಲ್ಲ. ಬಿರುಕು ಬಿಟ್ಟ ಕೈಗೆ ಅದನ್ನು ಹಚ್ಚಿದರೆ ಹುಣ್ಣಾಗಬಹುದು. ‘ವಿಟಮಿನ್ ಇ ಹಾಕಿದ್ದೇನೆ, ಕೆಡುವುದಿಲ್ಲ’ ಎಂಬ ಮಾತನ್ನು ದಯವಿಟ್ಟು ಬಿಡಿ. ಅದು ಎಣ್ಣೆ ಕಮಟಾಗುವುದನ್ನು ತಡೆಯುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ಫೀನಾಕ್ಸಿಇಥನಾಲ್ ಇರುವ ಸಂರಕ್ಷಕವನ್ನು, ನೂರಕ್ಕೆ 1 ಗ್ರಾಂ ಮೀರದಂತೆ, ಜೆಲ್ 40 ಡಿಗ್ರಿಗೆ ಆರಿದ ಮೇಲೆ ಬೆರೆಸಬೇಕು. ಅದೂ ಬೇಡವೆಂದರೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಬೆರಳು ಅದ್ದುವ ಡಬ್ಬಿಗಿಂತ ಪಂಪ್ ಬಾಟಲಿ ಮೇಲು.

ಮಾಡಿದ್ದನ್ನು ಮೂರು ಸೀಸೆಗೆ ಹಂಚಿ ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಕಪಾಟಿನಲ್ಲಿ, ಇನ್ನೊಂದನ್ನು ಶೀಟಿನ ಸೂರಿನಡಿ ಇಟ್ಟು ತಿಂಗಳು ಕಾಯಿರಿ. ಬಿಸಿಗೆ ಒಡೆಯದ ಜೆಲ್ ಮಾತ್ರ ಬೇಸಿಗೆಗೆ ಉಳಿಯುತ್ತದೆ. ರೇಷ್ಮೆಯ ಪ್ರೋಟೀನ್ ಕೆಲವರಿಗೆ ಅಲರ್ಜಿ ತರುತ್ತದೆ. ಮೊದಲು ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ರಕ್ತ ಒಸರುವ ಬಿರುಕಿಗೆ ಯಾವ ಮನೆಜೆಲ್ಲೂ ಬೇಡ, ಚರ್ಮದ ವೈದ್ಯರಿಗೆ ತೋರಿಸಿ.

ಸ್ತ್ರೀಶಕ್ತಿ ಸಂಘದವರು ಇದನ್ನು ಮಾರುವ ಯೋಚನೆ ಮಾಡುವುದಾದರೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕಾ ಪರವಾನಗಿ ಪಡೆಯಬೇಕು, ಸೂಕ್ಷ್ಮಜೀವಿ ಪರೀಕ್ಷೆಯನ್ನೂ ಮಾಡಿಸಬೇಕು. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯೇ ಇದೆ. ಸೆರಿಸಿನ್ ತೆಗೆಯುವ ಬಗ್ಗೆ ಮೊದಲ ಪ್ರಶ್ನೆಗಳನ್ನು ಅಲ್ಲಿಗೇ ಒಯ್ಯಬಹುದು.