ನೈಲ್ ಕಣಿವೆಯ ರಕ್ತಮೂತ್ರ: ರೋಗ ಮತ್ತು ಜನಪದ ನಂಬಿಕೆ

ರೋಗವೊಂದು ಸರ್ವವ್ಯಾಪಿಯಾದಾಗ ಜನಪದರ ದೃಷ್ಟಿಯಲ್ಲಿ ಅದು ರೋಗವಾಗಿ ಉಳಿಯುವುದಿಲ್ಲ. ಈಜಿಪ್ಟಿನ ಹಳ್ಳಿಗಳಲ್ಲಿ ಬಾಲಕರ ಮೂತ್ರದಲ್ಲಿ ರಕ್ತ ಕಾಣಿಸುವುದನ್ನು ಪ್ರಾಯಕ್ಕೆ ಬಂದುದರ ಕುರುಹೆಂದು ಭಾವಿಸಿದ್ದುಂಟು. ಕುರುಹೆಂದು ಬಗೆದವರು ಚಿಕಿತ್ಸೆಯನ್ನು ಅರಸುವುದಿಲ್ಲ. ಇದು ಶಿಸ್ಟೊಸೋಮಿಯಾಸಿಸ್ ಎಂಬ ರೋಗ. ಇದರ ಹುಳುವನ್ನು 1851ರಲ್ಲಿ ಕೈರೋದಲ್ಲಿ ಕಂಡವನು ಜರ್ಮನ್ ವೈದ್ಯ ಥಿಯೋಡರ್ ಬಿಲ್‌ಹಾರ್ಜ್.

ಸೋಂಕಿತರ ಮೂತ್ರದೊಡನೆ ನೀರು ಸೇರಿದ ತತ್ತಿಗಳಿಂದ ಹೊರಬಂದ ಮರಿಗಳು ಬಸವನಹುಳುವಿನಲ್ಲಿ ಬೆಳೆದು, ನೀರಿಗಿಳಿದವರ ಚರ್ಮವನ್ನು ಭೇದಿಸುತ್ತವೆ. ನೆರೆನೀರಿನ ಬೇಸಾಯ ಹಿಂದೆ ಸರಿದು ವರ್ಷವಿಡೀ ಹರಿಯುವ ಕಾಲುವೆಗಳು ಬಂದಂತೆ ಸೋಂಕು ಹಬ್ಬಿತು. ರೈತರು, ಮೀನುಗಾರರು, ಬಟ್ಟೆ ಒಗೆಯುವ ಹೆಂಗಸರು, ಈಜುವ ಮಕ್ಕಳು ಅದಕ್ಕೆ ಈಡಾದರು.

ಪ್ರಾಜಿಕ್ವಾಂಟೆಲ್ ಗುಳಿಗೆಯ ನೆರವಿನಿಂದ ಈಜಿಪ್ಟಿನಲ್ಲಿ ರೋಗ ಬಹುಮಟ್ಟಿಗೆ ತಗ್ಗಿದೆ. ಆದರೂ 2021ರಲ್ಲಿ ಜಗತ್ತಿನ 25 ಕೋಟಿಗೂ ಮಿಕ್ಕ ಜನರಿಗೆ ಮುಂಜಾಗ್ರತಾ ಚಿಕಿತ್ಸೆ ಅಗತ್ಯವಿತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಆಫ್ರಿಕದವರು. ಬೇರೆ ನೀರಿಲ್ಲದವರ ನಂಬಿಕೆಯನ್ನು ಹಳಿಯುವ ಮೊದಲು ಅವರ ನೀರನ್ನು ಶುದ್ಧಗೊಳಿಸಬೇಕಾಗಿದೆ.